ಮೈ ತುಂಬಿಕೊಂಡ ಮೊಮ್ಮಗಳು

ಕೊರೊನಾ ಇನ್ನೂ ದೂರದ ಊರಿನ ಸುದ್ದಿಯಾಗಿದ್ದ ಆ ಫೆಬ್ರವರಿಯಲ್ಲಿ ವಸುಂಧರಮ್ಮ ಮೈಸೂರಿನಿಂದ ಟೋಕಿಯೋಗೆ ಬಂದಿಳಿದರು. ಎರಡು ಸೂಟ್‌ಕೇಸು ತಂದಿದ್ದರು, ಅದರಲ್ಲಿ ಅವರ ಸ್ವಂತ ಬಟ್ಟೆಗೆ ಸಿಕ್ಕಿದ್ದು ಒಂದು ಮೂಲೆ. ಉಳಿದದ್ದೆಲ್ಲ ಹಪ್ಪಳ, ಸಂಡಿಗೆ, ಚಟ್ನಿಪುಡಿ, ಹುರಿಹಿಟ್ಟು, ಮನೆಯಲ್ಲೇ ಮಾಡಿದ ಕಾಡಿಗೆಯ ಡಬ್ಬಿ ಮತ್ತು ಮೊಮ್ಮಗಳಿಗೆಂದು ಮಾಡಿಸಿದ ಬೆಳ್ಳಿಯ ಕಾಲ್ಗೆಜ್ಜೆ. ಮೂರು ತಿಂಗಳಿದ್ದು ಹೋಗುವುದು, ಹೋಗುವುದರೊಳಗೆ ಮಗುವಿನ ಮೈಯಲ್ಲಿ ನಾಲ್ಕು ತುತ್ತು ಕಾಣುವಂತೆ ಮಾಡುವುದು, ಇದು ಅವರ ಯೋಜನೆ.

ಮೊಮ್ಮಗಳು ಶ್ರಾವ್ಯಾಗೆ ಐದು ವರ್ಷ. ಆರೋಗ್ಯವಾಗಿಯೇ ಇದ್ದಳು, ಆದರೆ ತೆಳ್ಳಗಿದ್ದಳು. ಅವಳು ಹುಟ್ಟಿದಾಗಿನಿಂದ ಪ್ರತಿ ವಿಡಿಯೋ ಕಾಲಿನಲ್ಲೂ ಬಂಧುಗಳೆಲ್ಲ ಒಂದೇ ಮಾತು ಆಡುತ್ತಿದ್ದರು, ಮಗು ಯಾಕೆ ಹೀಗೆ ಸೊರಗಿದೆ ಎಂದು. ನಮ್ಮವರಿಗೆ ಮಗು ಸಣ್ಣಗಿದ್ದರೆ ಅದು ತಾಯಿಯ ತಪ್ಪು. ಆ ಜಪಾನಿನಲ್ಲಿ ಅವಳಿಗೆ ಏನು ತಿನ್ನಿಸುತ್ತೀಯಮ್ಮ ಎಂದು ಕೇಳಿಸಿಕೊಳ್ಳುತ್ತಿದ್ದದ್ದು ಸೊಸೆ ಸ್ಪಂದನಾ. ಮಗ ಮಧುಕರ್‌ನನ್ನು ಯಾರೂ ಏನೂ ಕೇಳಿದವರಲ್ಲ.

ಮಾರ್ಚಿನಲ್ಲಿ ಮಗುವಿನ ಶಾಲೆ ಮುಚ್ಚಿತು. ಏಪ್ರಿಲ್ಲಿನಲ್ಲಿ ವಸುಂಧರಮ್ಮ ಹಿಂತಿರುಗಬೇಕಿದ್ದ ವಿಮಾನ ರದ್ದಾಯಿತು, ವೀಸಾದ ಅವಧಿಯನ್ನು ಸರ್ಕಾರವೇ ವಿಸ್ತರಿಸಿತು. ಟೋಕಿಯೋದ ನಿಶಿ ಕಸಾಯಿ ಬಡಾವಣೆಯ ಆ ಎರಡು ಕೋಣೆಯ ಮನೆಯಲ್ಲಿ ಮಗ ಊಟದ ಮೇಜಿನ ಈ ತುದಿಗೆ ಲ್ಯಾಪ್‌ಟಾಪು ಇಟ್ಟುಕೊಂಡು, ಸೊಸೆ ಆ ತುದಿಗೆ ಇಟ್ಟುಕೊಂಡು, ಬೆಳಿಗ್ಗೆಯಿಂದ ಸಂಜೆಯವರೆಗೆ ಇಬ್ಬರೂ ಕಿವಿಗೆ ಹೆಡ್‌ಫೋನು ಏರಿಸಿ ಕೂತರು. ಮಗು ಪೂರ್ತಿಯಾಗಿ ಅಜ್ಜಿಯ ಕೈಗೆ ಬಂತು. ವಸುಂಧರಮ್ಮನಿಗೆ ಇದಕ್ಕಿಂತ ಇನ್ನೇನು ಬೇಕಿತ್ತು. ಬಾಲ್ಕನಿಯಿಂದ ತೋಜಾಯಿ ಲೈನಿನ ರೈಲು ಕಾಣುತ್ತಿತ್ತು. ರೈಲು ಬಂದರೆ ಒಂದು ತುತ್ತು, ರೈಲು ಹೋದರೆ ಒಂದು ತುತ್ತು. ಜನರಿಲ್ಲದೆ ಖಾಲಿ ಓಡುತ್ತಿದ್ದ ಆ ರೈಲುಗಳು ಸಾಕಷ್ಟು ತುಪ್ಪದನ್ನ ಖರ್ಚು ಮಾಡಿಸಿದವು. ಪಕ್ಕದಲ್ಲಿ ಸದಾ ಒಂದು ಹಪ್ಪಳ, ನಂಜಿಕೊಳ್ಳಲು ಮಾವಿನ ಮಿಡಿ.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಶ್ರಾವ್ಯಾ ಎದ್ದಾಗ ಎರಡೂ ಕಣ್ಣಿನ ರೆಪ್ಪೆ ಊದಿಕೊಂಡಿತ್ತು. ಅತ್ತು ಮಲಗಿದ ಮಗುವಿನ ಕಣ್ಣಿನ ಹಾಗೆ. ಆದರೆ ಹಿಂದಿನ ರಾತ್ರಿ ಅವಳು ಅತ್ತಿರಲಿಲ್ಲ.

ಸ್ಪಂದನಾ ಮಗುವಿನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. "ಅತ್ತೆ, ನಿನ್ನೆ ಕಾಡಿಗೆ ಹಚ್ಚಿದ್ರಾ?"

"ದಿನಾ ಹಚ್ತೀನಲ್ಲ. ನಿನ್ನೆ ಒಂದಿನ ಹಚ್ಚಿದ್ದಲ್ಲ."

"ಅದೇ ರಿಯಾಕ್ಷನ್ ಆಗಿರತ್ತೆ. ಪ್ಲೀಸ್ ಹಚ್ಬೇಡಿ. ಡಾಕ್ಟರುಗಳೇ ಬೇಡ ಅಂತಾರೆ."

"ಮಧು ಕಣ್ಣಿಗೂ ಇದೇ ಕಾಡಿಗೆ ಹಚ್ಚಿ ಬೆಳೆಸಿದ್ದು. ಅವನೇನು ಕುರುಡನಾಗಿದಾನಾ?"

ಮಧುಕರ್ ಅಷ್ಟು ಹೊತ್ತಿಗೆ ಮೀಟಿಂಗಿನಲ್ಲಿದ್ದವನಂತೆ ಮುಖ ಮಾಡಿಕೊಂಡ. ಮೀಟಿಂಗು ಶುರುವಾಗಲು ಇನ್ನೂ ಸಮಯವಿತ್ತು.

ಕಾಡಿಗೆ ನಿಂತಿತು. ಊತ ನಿಲ್ಲಲಿಲ್ಲ. ಪ್ರತಿ ಬೆಳಿಗ್ಗೆ ರೆಪ್ಪೆ ದಪ್ಪ, ಮಧ್ಯಾಹ್ನದ ಹೊತ್ತಿಗೆ ಅರ್ಧ, ಸಂಜೆಗೆ ಇಲ್ಲವೇ ಇಲ್ಲ ಎನ್ನುವಷ್ಟು. ವಸುಂಧರಮ್ಮನಿಗೆ ಮಗುವಿನ ಕಣ್ಣು ಊದಿದ್ದು ಬೇಸರವಾದರೂ, ಕಾಡಿಗೆ ನಿರಪರಾಧಿ ಎಂದು ಸಾಬೀತಾದದ್ದು ಒಳಗೊಳಗೇ ಸಮಾಧಾನ ತಂದಿತ್ತು. ಅದನ್ನು ಬಾಯಿಬಿಟ್ಟು ಹೇಳದಿದ್ದರೂ ಆ ವಾರವೆಲ್ಲ ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಕನ್ನಡಿಯ ಮುಂದೆಯೇ ಇಟ್ಟಿದ್ದರು.

ಸ್ಪಂದನಾ ತನ್ನ ಕನ್ನಡ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಕೇಳಿದಳು. ಅರ್ಧ ಗಂಟೆಯಲ್ಲಿ ಮನೆ ತುಂಬ ಕಾರಣಗಳಾದವು. ಸೊಳ್ಳೆ ಕಚ್ಚಿರಬಹುದು, ಬಾಲ್ಕನಿ ಬಾಗಿಲು ತೆರೆದಿಡುತ್ತೀರಾ? ನನ್ನ ಮಗನಿಗೆ ರೆಪ್ಪೆಯೊಳಗೆ ಕುರು ಆಗಿತ್ತು, ಬಿಸಿನೀರಿನ ಬಟ್ಟೆ ಒತ್ತಿದರೆ ಹೋಯಿತು. ಟ್ಯಾಬ್ ಜಾಸ್ತಿ ನೋಡಿದರೆ ಹಾಗಾಗುತ್ತದೆ. ಸ್ಯಾನಿಟೈಸರ್ ಕೈಯಲ್ಲಿ ಕಣ್ಣುಜ್ಜಿರುತ್ತಾಳೆ. ಕಣ್ಣು ಬಂದಿರಬಹುದು, ಬೇರೆ ಟವೆಲ್ಲು ಕೊಡಿ. ನಾಲ್ಕನೇ ಮಹಡಿಯ ಕಮಲಾ ಮಾತ್ರ ಖಚಿತವಾಗಿ ಬರೆದಳು: ಇದು ಕಾಫುನ್‌ಶೋ, ಸೀಡರ್ ಮರದ ಪರಾಗದ ಅಲರ್ಜಿ, ಈ ದೇಶದಲ್ಲಿ ವಸಂತ ಬಂದರೆ ಅರ್ಧ ಜನರ ಕಣ್ಣು ಹೀಗೇ.

ಸ್ಟೇಷನ್ನಿನ ಹತ್ತಿರದ ಕಣ್ಣಿನ ಕ್ಲಿನಿಕ್ಕೂ ಅದನ್ನೇ ಹೇಳಿತು. ಮುಖದ ಮೇಲೆ ಪ್ಲಾಸ್ಟಿಕ್ಕಿನ ಪರದೆ ಇಳಿಬಿಟ್ಟುಕೊಂಡ ಡಾಕ್ಟರು ಆದಷ್ಟು ದೂರದಿಂದಲೇ ನೋಡಿದರು. ಕೆಂಪಿಲ್ಲ, ಕೀವಿಲ್ಲ, ಜ್ವರವಿಲ್ಲ, ಋತುವೋ ಪರಾಗದ್ದು. ಹನಿ ಔಷಧಿ ಬರೆದುಕೊಟ್ಟರು. ಆ ದಿನಗಳಲ್ಲಿ ಆಸ್ಪತ್ರೆಯಲ್ಲಿ ಹೆಚ್ಚು ಹೊತ್ತು ಇರಲು ಯಾರಿಗೂ ಇಷ್ಟವಿರಲಿಲ್ಲ, ಡಾಕ್ಟರಿಗೂ ಇಲ್ಲ, ರೋಗಿಗೂ ಇಲ್ಲ. ಮಗುವಿನ ಮುಖಕ್ಕೆ ಕಟ್ಟಿದ ಮಾಸ್ಕು ತೆಗೆಯುವ ಪ್ರಶ್ನೆಯೇ ಬರಲಿಲ್ಲ. ತೆಗೆದಿದ್ದರೆ ಕೆನ್ನೆಯೂ ಕಾಣುತ್ತಿತ್ತು.

ಏಕೆಂದರೆ ಮೇ ಬರುವ ಹೊತ್ತಿಗೆ ಶ್ರಾವ್ಯಾಳ ಕೆನ್ನೆ ತುಂಬಿಕೊಂಡಿತ್ತು. ಕಾಲು ದಪ್ಪವಾಗಿತ್ತು, ಹೊಟ್ಟೆ ಮುಂದೆ ಬಂದಿತ್ತು, ಚಡ್ಡಿಯ ಎಲಾಸ್ಟಿಕ್ಕು ಸೊಂಟದ ಮೇಲೆ ಗೆರೆ ಬೀಳಿಸುತ್ತಿತ್ತು. ವಸುಂಧರಮ್ಮ ಸ್ನಾನ ಮಾಡಿಸುವಾಗ ಅದನ್ನೆಲ್ಲ ನೋಡುತ್ತಿದ್ದರು. ನೋಡಿ ಅವರ ಹೊಟ್ಟೆ ತಣ್ಣಗಾಗುತ್ತಿತ್ತು. ಆದರೆ ಒಂದು ಮಾತೂ ಆಡುತ್ತಿರಲಿಲ್ಲ. ಮಗು ಮೈ ತುಂಬಿಕೊಂಡಿದೆ ಎಂದು ಬಾಯಿಬಿಟ್ಟು ಹೇಳಿದರೆ ಆಯಿತು ಕತೆ, ಕಣ್ಣು ಬೀಳುತ್ತದೆ. ತಾಯಿಯ ಕಣ್ಣೇ ಮೊದಲು ಬೀಳುತ್ತದೆ, ಅಜ್ಜಿಯದು ಅದರ ಹಿಂದೆ. ಅದಕ್ಕೇ ಸಂಜೆ ಹೊತ್ತು ಉಪ್ಪು, ಒಣಮೆಣಸಿನಕಾಯಿ ನೀವಾಳಿಸುತ್ತಿದ್ದರು. ಒಲೆಗೆ ಹಾಕುವಂತಿರಲಿಲ್ಲ, ಹಾಕಿದರೆ ಸೂರಿಗೆ ಹಾಕಿದ್ದ ಹೊಗೆಯ ಅಲಾರಂ ಜಪಾನಿ ಭಾಷೆಯಲ್ಲಿ ಬಯ್ಯುತ್ತಿತ್ತು. ಹಾಗಾಗಿ ಸಿಂಕಿಗೆ ಹಾಕಿ ನೀರು ಬಿಡುತ್ತಿದ್ದರು.

ಹನಿ ಔಷಧಿ ಮುಗಿಯಿತು, ಬೆಳಗಿನ ಊತ ಮುಗಿಯಲಿಲ್ಲ. ವಸುಂಧರಮ್ಮನ ತಮ್ಮ ರಮಾಕಾಂತ ಮೈಸೂರಿನಲ್ಲಿ ಡಾಕ್ಟರಾಗಿದ್ದು ನಿವೃತ್ತನಾದವನು. ಮಾವನಿಗೊಮ್ಮೆ ತೋರಿಸೋಣ ಎಂದು ಮಧುಕರ್ ಹೇಳಿದ. ಕಾಲ್ ಮಾಡಿದ್ದು ಕೆಲಸ ಮುಗಿದ ಮೇಲೆ, ಎಂದಿನಂತೆ ಸಂಜೆ. ಮೈಸೂರಿನಲ್ಲಿ ಆಗ ಮಧ್ಯಾಹ್ನದ ನಿದ್ದೆ ಮುಗಿಸಿ ಕಾಫಿ ಕುಡಿಯುವ ಹೊತ್ತು. ಕಣ್ಣಿಗೆ ತೀರ ಹತ್ತಿರ ಹಿಡಿದ ಫೋನಿನ ಪರದೆಯಲ್ಲಿ ಶ್ರಾವ್ಯಾಳ ಕಣ್ಣು ಸರಿಯಾಗಿಯೇ ಇತ್ತು.

"ಈಗೇನೂ ಕಾಣ್ತಿಲ್ವಲ್ಲ ಅಕ್ಕ," ಎಂದ ರಮಾಕಾಂತ. "ಮಕ್ಕಳ ರೆಪ್ಪೆ ಊದೋಕೆ ನೂರು ಕಾರಣ ಇರತ್ತೆ. ಒಂದು ಕಣ್ಣಾ, ಎರಡೂನಾ?"

"ಎರಡೂ."

"ತುರಿಕೆ? ನೀರು ಸುರಿಯತ್ತಾ?"

"ಅಷ್ಟೇನಿಲ್ಲ. ಆಗಾಗ ಉಜ್ಜಿಕೊಳ್ತಾಳೆ."

"ಜ್ವರ, ನೋವು?"

"ಇಲ್ಲ."

"ಮೈ ಕೈ ಏನಾದ್ರೂ ಊದ್ಕೊಂಡಿದೆಯಾ? ಬಟ್ಟೆ ಬಿಗಿ ಆಗ್ತಿದೆಯಾ? ತೂಕ ಹೆಚ್ಚಾದ ಹಾಗೆ?"

ವಸುಂಧರಮ್ಮ ತಮ್ಮನ ಮುಖ ನೋಡಿದರು. ಅವನ ಹಿಂದೆ ಅವನ ಹೆಂಡತಿ ನಿಂತಿದ್ದಳು, ಅವಳ ಹಿಂದೆ ಅವಳ ತಂಗಿ. ಇಬ್ಬರೂ ಕತ್ತು ಚಾಚಿ ಮಗುವನ್ನೇ ನೋಡುತ್ತಿದ್ದರು. ಇಷ್ಟು ಕಣ್ಣುಗಳ ಮುಂದೆ ಯಾವ ಅಜ್ಜಿ ತಾನೇ ಹೌದು ಎನ್ನುತ್ತಾಳೆ.

"ಎಲ್ಲಿ ಬಂತು, ಕಡ್ಡಿ ಹಾಗಿದ್ಳು, ಕಡ್ಡಿ ಹಾಗೇ ಇದಾಳೆ," ಎಂದರು.

ಮೇಜಿನ ಆ ತುದಿಯಲ್ಲಿದ್ದ ಸ್ಪಂದನಾ ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಅತ್ತೆಯನ್ನು ನೋಡಿದಳು. ಮತ್ತೆ ತಲೆ ತಗ್ಗಿಸಿದಳು.

"ಹಾಗಾದ್ರೆ ಅಲರ್ಜಿನೇ, ಬಿಡಿ," ಎಂದ ರಮಾಕಾಂತ. "ಮೈ ಊದಿದ್ರೆ ಒಂದು ಯೂರಿನ್ ಟೆಸ್ಟ್ ಮಾಡ್ಸಿ ಅಂತಿದ್ದೆ. ಈ ಟೈಮಲ್ಲಿ ಸುಮ್ಮಸುಮ್ಮನೆ ಆಸ್ಪತ್ರೆಗೆ ಯಾಕೆ ಹೋಗೋದು."

ಮಾತು ಮಾವಿನಹಣ್ಣಿನ ಕಡೆಗೆ ಹೊರಳಿತು. ಆ ವರ್ಷ ಮೈಸೂರಿನಲ್ಲಿ ಹಣ್ಣು ಕೊಳ್ಳುವವರೇ ಇರಲಿಲ್ಲವಂತೆ.

ಇದಾದ ಮೇಲೆ ಒಂದು ವಾರವೋ ಹತ್ತು ದಿನವೋ ಕಳೆದಿರಬೇಕು. ಶಾಲೆ ಮತ್ತೆ ತೆರೆಯುತ್ತದೆ ಎಂಬ ಸುದ್ದಿ ಬಂತು. ಶಾಲೆಯಲ್ಲಿ ಒಡವೆ ಹಾಕುವಂತಿಲ್ಲ. ಮಧ್ಯಾಹ್ನ ಊಟವಾದ ಮೇಲೆ ವಸುಂಧರಮ್ಮ ಮಗುವನ್ನು ಚಾಪೆಯ ಮೇಲೆ ಕೂರಿಸಿಕೊಂಡು ಕಾಲ್ಗೆಜ್ಜೆ ಬಿಚ್ಚಲು ಹೋದರು. ಕೊಂಡಿ ಸಿಗಲಿಲ್ಲ. ಅದು ಮಾಂಸದೊಳಗೆ ಹೂತುಹೋಗಿತ್ತು. ಮಾರ್ಚಿನಲ್ಲಿ ಶಾಲೆ ಮುಚ್ಚಿದ ಮೇಲೆ ಹಾಕಿದಾಗ ಎರಡು ಬೆರಳು ತೂರುವಷ್ಟು ಸಡಿಲವಿತ್ತು. ಸೋಪಿನ ನೀರು ಹಚ್ಚಿ, ಒಂದು ಕೈಯಲ್ಲಿ ಮೊಣಕಾಲಿನ ಕೆಳಗೆ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಕೊಂಡಿ ಎಬ್ಬಿಸಿದರು.

"ಅಜ್ಜಿ, ಇತಾಯಿ," ಎಂದು ಶ್ರಾವ್ಯಾ ಮುಖ ಕಿವುಚಿದಳು. ನೋಯುತ್ತದೆ ಎಂದರೆ ಅವಳ ಬಾಯಲ್ಲಿ ಬರುತ್ತಿದ್ದದ್ದು ಜಪಾನಿಯೇ.

"ಆಯ್ತು ಪುಟ್ಟಿ, ಬಂತು."

ಗೆಜ್ಜೆ ಬಂತು. ವಸುಂಧರಮ್ಮ ಕಾಲಿನಿಂದ ಕೈ ತೆಗೆದರು. ಹೆಬ್ಬೆರಳು ಒತ್ತಿದ್ದ ಜಾಗದಲ್ಲಿ ಒಂದು ಗುಳಿ ಉಳಿದಿತ್ತು. ಅವರು ಕಾದರು. ಗುಳಿ ತುಂಬಿಕೊಳ್ಳಲಿಲ್ಲ. ಚಪಾತಿ ಹಿಟ್ಟಿನ ಮೇಲೆ ಬೆರಳಿಟ್ಟ ಹಾಗೆ ಹಾಗೇ ಇತ್ತು. ಇನ್ನೊಂದು ಕಾಲಿನ ಮೇಲೆ ಮೆಲ್ಲಗೆ ಒತ್ತಿ ನೋಡಿದರು. ಅಲ್ಲೂ ಅದೇ.

ಆ ಗುಳಿ ಅವರಿಗೆ ಗೊತ್ತಿತ್ತು. ಗಂಡ ಹರಿಹರ ಕೊನೆಯ ವರ್ಷ ಮಲಗಿದ್ದಾಗ ಅವರ ಕಾಲು ಒತ್ತುತ್ತಿದ್ದದ್ದು ವಸುಂಧರಮ್ಮನೇ. ಒತ್ತಿದಲ್ಲೆಲ್ಲ ಹೀಗೇ ಗುಳಿ ಬೀಳುತ್ತಿತ್ತು, ನೀರು ತುಂಬಿಕೊಂಡಿದೆ ಎಂದು ಡಾಕ್ಟರು ಹೇಳಿದ್ದರು. ಇಷ್ಟು ದಿನ ತಾನು ಕದ್ದು ಕದ್ದು ನೋಡಿ ಸಂತೋಷಪಟ್ಟ ಕೆನ್ನೆ, ತೊಡೆ, ಹೊಟ್ಟೆ ಯಾವುದೂ ತನ್ನ ತುಪ್ಪದನ್ನವಲ್ಲ. ಎಲ್ಲ ನೀರು.

ವಸುಂಧರಮ್ಮ ಸುಮ್ಮನಿರುವ ಹೆಂಗಸಲ್ಲ. ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು, ಟ್ರಂಕ್ ಕಾಲಿನ ನಡುವೆ ಜಗಳವಾಡುವ ದೊಡ್ಡ ಮನುಷ್ಯರಿಗೂ ಗದರಿ ಬುದ್ಧಿ ಹೇಳಿದವರು. ಆದರೆ ಇದನ್ನು ಹೇಳುವುದು ಅವರಿಗೂ ಸುಲಭವಿರಲಿಲ್ಲ. ಈ ಸುದ್ದಿ ಹೇಳಬೇಕಾದರೆ ಅದರ ಹಿಂದಿನ ಸುಳ್ಳನ್ನೂ ಹೇಳಬೇಕು. ಮಗುವಿಗೆ ಏನಾದರೂ ಹೆಚ್ಚುಕಡಿಮೆಯಾದರೆ ಆ ಸುಳ್ಳು ಯಾರ ತಲೆಗೆ ಕಟ್ಟುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಕಟ್ಟಲಿ ಎಂದುಕೊಂಡು ಎದ್ದು ಹೋಗಿ ಸೊಸೆಯ ಕಿವಿಯಿಂದ ಹೆಡ್‌ಫೋನು ತೆಗೆದರು.

"ಸ್ಪಂದನಾ, ಬಾ ಇಲ್ಲಿ. ಮಗು ಕಾಲು ನೋಡು."

"ಅತ್ತೆ, ಕ್ಲೈಂಟ್ ಕಾಲ್."

"ಇರ್ಲಿ. ಬಾ."

ಸ್ಪಂದನಾ ಬಂದು ನೋಡಿದಳು, ತಾನೂ ಒತ್ತಿದಳು. ಫೋನು ತೆಗೆದು ಮಕ್ಕಳ ಡಾಕ್ಟರಿಗೆ ಕರೆ ಮಾಡಿ, ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತಲೇ ಆ ಸಂಜೆಯೇ ನೋಡುವಂತೆ ಕೇಳಿಕೊಂಡಳು.

ಕ್ಲಿನಿಕ್ಕಿನಲ್ಲಿ ಒಂದು ಕಾಗದದ ಲೋಟ ಕೊಟ್ಟರು. ಆ ಲೋಟಕ್ಕೆ ಅದ್ದಿ ತೆಗೆದ ಸಣ್ಣ ಪಟ್ಟಿ ಹಳದಿಯಿಂದ ಕಡು ಹಸಿರಿಗೆ ತಿರುಗಿತು. ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆ, ಇರಬಾರದಷ್ಟು ಹೋಗುತ್ತಿದೆ ಎಂದರು ಡಾಕ್ಟರು. ಕಿಡ್ನಿಯ ಜರಡಿ ಸಡಿಲವಾಗಿದೆ. ಪ್ರೋಟೀನು ಸೋರಿದರೆ ರಕ್ತದ ನೀರು ಮೈಯೊಳಗೆ ಇಳಿಯುತ್ತದೆ. ಮಲಗಿದಾಗ ಅದು ಕಣ್ಣಿನ ಸುತ್ತ ನಿಲ್ಲುತ್ತದೆ, ಎದ್ದು ಓಡಾಡಿದರೆ ಕಾಲಿಗೆ ಇಳಿಯುತ್ತದೆ. ಅದಕ್ಕೇ ಸಂಜೆಗೆ ಕಣ್ಣು ಸರಿ ಕಾಣುತ್ತಿದ್ದದ್ದು. ನೆಫ್ರೋಟಿಕ್ ಸಿಂಡ್ರೋಮ್ ಎಂಬ ಹೆಸರು ಹೇಳಿ, ದೊಡ್ಡ ಆಸ್ಪತ್ರೆಗೆ ಪತ್ರ ಕೊಟ್ಟರು.

ದೊಡ್ಡ ಆಸ್ಪತ್ರೆಯಲ್ಲಿ ಕೊರೊನಾದ ನಿಯಮ. ಮಗುವಿನ ಜೊತೆ ಒಬ್ಬರೇ ಇರಬೇಕು, ಇದ್ದವರು ಬದಲಾಗುವಂತಿಲ್ಲ. ಜಪಾನಿ ಚೆನ್ನಾಗಿ ಬರುವುದು ಸ್ಪಂದನಾಗೇ, ಅವಳೇ ಉಳಿದಳು. ಮಧುಕರ್ ಮತ್ತು ವಸುಂಧರಮ್ಮ ಬಾಗಿಲ ಹೊರಗಿನಿಂದಲೇ ಹಿಂತಿರುಗಿದರು. ರೈಲಿನಲ್ಲಿ ತಾಯಿ ಮಗ ಒಂದು ಸೀಟು ಬಿಟ್ಟು ಕೂತರು, ನಿಯಮವೇ ಹಾಗಿತ್ತು. ಇಲ್ಲದಿದ್ದರೂ ಹಾಗೇ ಕೂರುತ್ತಿದ್ದರೇನೋ.

ಮರುದಿನ ಬೆಳಿಗ್ಗೆ ಸ್ಪಂದನಾಳ ಫೋನು ಬಂತು, ಮಗನಿಗಲ್ಲ, ಅತ್ತೆಗೆ.

"ಅತ್ತೆ, ಡಾಕ್ಟರ್ ಸೆನ್ಸೇ ಕೇಳ್ತಿದಾರೆ. ಮೈ ಊದೋಕೆ ಶುರುವಾಗಿದ್ದು ಯಾವಾಗ ಅಂತ. ಕಣ್ಣಲ್ಲ, ಮೈ. ನಿಧಾನವಾಗಿ ಬಂತಾ, ಒಮ್ಮೆಲೇ ಬಂತಾ ಅನ್ನೋದು ಅವರಿಗೆ ಗೊತ್ತಾಗ್ಬೇಕಂತೆ. ಸ್ನಾನ ಮಾಡಿಸ್ತಿದ್ದಿದ್ದು ನೀವಲ್ವಾ."

ವಸುಂಧರಮ್ಮ ಒಲೆ ಆರಿಸಿದರು.

"ಕಣ್ಣಿನ ಜೊತೆಗೇ ಶುರುವಾಯ್ತು. ಮೊದಲು ಕೆನ್ನೆ. ಆಮೇಲೆ ಕಾಲು. ಚಡ್ಡಿ ಗೆರೆ ಬೀಳೋಕೆ ಶುರುವಾಗಿದ್ದು ಮೇ ಮೊದಲ ವಾರ. ನಾನು ದಿನಾ ನೋಡಿದೀನಿ." ಅಷ್ಟಕ್ಕೇ ನಿಲ್ಲಿಸಲಿಲ್ಲ. "ರಮಾಕಾಂತ ಕೇಳಿದಾಗ ಸುಳ್ಳು ಹೇಳಿದೆ ಕಣೆ. ಅವತ್ತೇ ಸರಿಯಾಗಿ ಹೇಳಿದ್ರೆ ಅವತ್ತೇ ಗೊತ್ತಾಗ್ತಿತ್ತು. ದೃಷ್ಟಿ ಆಗತ್ತೆ ಅಂತ ಹೆದರಿದೆ. ಅಷ್ಟೇ ಅಲ್ಲ. ನನ್ನ ಕೈಯೂಟದಿಂದ ಮಗು ತುಂಬ್ಕೊಂಡಿದೆ ಅನ್ನೋ ಜಂಬ ಇತ್ತು ನಂಗೆ. ಉಪ್ಪು ಬೇರೆ ಅಷ್ಟು ತಿನ್ನಿಸಿದೆ."

ಈಗ ಬಯ್ಯುತ್ತಾಳೆ, ಬಯ್ಯಲಿ ಎಂದು ವಸುಂಧರಮ್ಮ ಕಾದರು. ಬೈದುಬಿಟ್ಟರೆ ಅವರಿಗೂ ಹಗುರವಾಗುತ್ತಿತ್ತು.

"ನಾನೂ ಅಲ್ಲೇ ಇದ್ದೆ ಅತ್ತೆ," ಎಂದಳು ಸ್ಪಂದನಾ. "ನೀವು ಕಡ್ಡಿ ಹಾಗೇ ಇದಾಳೆ ಅಂದಾಗ ಸುಳ್ಳು ಅಂತ ನಂಗೊತ್ತಿತ್ತು. ಅವಳ ಬಟ್ಟೆ ಎಲ್ಲಾ ಬಿಗಿಯಾಗಿ ನಾನೇ ದೊಡ್ಡ ಸೈಜ್ ಆರ್ಡರ್ ಮಾಡಿದ್ದೆ. ಬಾಯಿ ಬಿಡ್ಲಿಲ್ಲ."

"ಯಾಕೆ?"

"ಐದು ವರ್ಷದಿಂದ ಕೇಳ್ಕೊಂಡು ಬಂದಿದೀನಿ, ಮಗೂಗೆ ಊಟ ಹಾಕಲ್ವಾ ಅಂತ. ಈ ಒಂದು ತಿಂಗಳಲ್ಲಿ ಯಾರೂ ಕೇಳಿರ್ಲಿಲ್ಲ. ಹೀಗೇ ಇರ್ಲಿ ಅನ್ನಿಸ್ತು. ತಾಯಿ ನಾನು. ನಂಗೆ ಬೇರೆ ಏನೂ ಅನ್ನಿಸ್ಲಿಲ್ಲ ನೋಡಿ."

ಐದು ವರ್ಷ ಆ ಮಾತು ಕೇಳಿದವರಲ್ಲಿ ಮೊದಲನೆಯವರು ಯಾರೆಂಬುದು ವಸುಂಧರಮ್ಮನಿಗೆ ಚೆನ್ನಾಗಿ ನೆನಪಿತ್ತು. ಪ್ರತಿ ಭಾನುವಾರ ತಾವೇ ಕೇಳಿದ್ದರು. ಅವರಿಗೆ ನಾಚಿಕೆಯಾಯಿತು. ಸೊಸೆ ಆ ಕಡೆ ಅಳುತ್ತಿದ್ದಳು, ಇವರು ಈ ಕಡೆ.

"ಅಳ್ಬೇಡ," ಎಂದರು ಕೊನೆಗೆ. "ಮೊದಲು ಹೋಗಿ ಆ ಡಾಕ್ಟರಿಗೆ ಹೇಳು. ಏಪ್ರಿಲ್ ಕೊನೆಯಿಂದ ನಿಧಾನವಾಗಿ ಬಂತು ಅಂತ ಹೇಳು. ನಮ್ಮತ್ತೆ ದಿನಾ ನೋಡಿದಾರೆ ಅಂತಾನೂ ಹೇಳು."

ಔಷಧಿ ಶುರುವಾಯಿತು. ಹೆಚ್ಚಿನ ಮಕ್ಕಳಿಗೆ ಈ ಸ್ಟೀರಾಯ್ಡು ಹಿಡಿಯುತ್ತದೆ, ಆದರೆ ಕಾಯಿಲೆ ಮರುಕಳಿಸಬಹುದು, ಕೆಲವು ವರ್ಷ ಕಣ್ಣಿಟ್ಟಿರಬೇಕು ಎಂದು ಡಾಕ್ಟರು ಹೇಳಿದರಂತೆ. ಊಟಕ್ಕೆ ಉಪ್ಪು ಕಡಿಮೆ. ಒಂದು ವಾರ ಏನೂ ಆಗಲಿಲ್ಲ. ಆ ವಾರ ವಸುಂಧರಮ್ಮ ಮನೆಯಲ್ಲಿದ್ದ ಹಪ್ಪಳ, ಉಪ್ಪಿನಕಾಯಿಯನ್ನೆಲ್ಲ ಕಮಲಾಳ ಮನೆಗೆ ಸಾಗಿಸಿದರು. ತಾವೂ ಸಪ್ಪೆ ಸಾರು ಮಾಡಿಕೊಂಡು ತಿಂದರು. ಮಧುಕರ್ ಪಾಪ ಬಾಯಿ ಮುಚ್ಚಿಕೊಂಡು ತಿಂದ. ಎರಡನೇ ವಾರ ಮಗುವಿನ ಮೂತ್ರ ಹೆಚ್ಚಾಯಿತು, ಊತ ಇಳಿಯತೊಡಗಿತು.

ಒಂದು ಮಧ್ಯಾಹ್ನ ಸ್ಪಂದನಾ ಇಬ್ಬರನ್ನೂ ಆಸ್ಪತ್ರೆಯ ಕೆಳಗಿನ ರಸ್ತೆಗೆ ಬರಹೇಳಿದಳು. ಒಳಗೆ ಬಿಡುವುದಿಲ್ಲ, ಆದರೆ ವಾರ್ಡಿನ ಕಿಟಕಿ ರಸ್ತೆಗೆ ಕಾಣುತ್ತದೆ. ಮಧುಕರ್ ಫೋನಿನ ಸ್ಪೀಕರ್ ಹಾಕಿ ಹಿಡಿದ. ಮೂರನೇ ಮಹಡಿಯ ಗಾಜಿನ ಹಿಂದೆ ಸ್ಪಂದನಾ ಕಂಡಳು, ಅವಳ ಪಕ್ಕ ಸ್ಟೂಲಿನ ಮೇಲೆ ನಿಂತ ಶ್ರಾವ್ಯಾ. ಆಸ್ಪತ್ರೆಯ ನೀಲಿ ಅಂಗಿ ಅವಳ ಹೆಗಲಿನಿಂದ ಜಾರುತ್ತಿತ್ತು. ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು.

"ಅಜ್ಜಿ, look," ಎಂದಿತು ಫೋನು. ಮಗು ಅಂಗಿಯ ತೋಳು ಮೇಲೆತ್ತಿ ಕೈ ತೋರಿಸಿತು. "My arm. ಹೊಸೋಯಿ ಆಯ್ತು."

"ಹಾಗಂದ್ರೆ?"

"ಸಣ್ಣ ಆಯ್ತು ಅಂತಮ್ಮ," ಎಂದ ಮಧುಕರ್.

ವಸುಂಧರಮ್ಮ ಮಾಸ್ಕು ಗಲ್ಲಕ್ಕಿಳಿಸಿದರು. ರಸ್ತೆಯಲ್ಲಿ ಹೋಗುತ್ತಿದ್ದವರು ಗಾಬರಿಯಾಗಿ ಪಕ್ಕಕ್ಕೆ ಸರಿದರು.

"ಎಷ್ಟು ಚೆನ್ನಾಗಿ ಕಾಣ್ತಿದೀಯೇ ನನ್ನ ಬಂಗಾರ," ಎಂದು ಬೀದಿಯ ನಡುವೆ ನಿಂತು ಗಟ್ಟಿಯಾಗಿ ಹೇಳಿದರು. "ಎಷ್ಟು ಲಕ್ಷಣವಾಗಿದೀಯ. ಇಡೀ ಊರಿಗೇ ಕೇಳ್ಲಿ."

ಮಧುಕರ್ ತಾಯಿಯ ಮುಖ ನೋಡಿದ. ಮಗುವನ್ನು ಹೊಗಳಿದ ಬೆನ್ನಿಗೆ ನೆಟಿಕೆ ಮುರಿಯದೆ ಅವರು ಸುಮ್ಮನೆ ನಿಂತದ್ದನ್ನು ಅವನು ಈವರೆಗೆ ಕಂಡಿರಲಿಲ್ಲ.

"ಅತ್ತೆ," ಎಂದಳು ಸ್ಪಂದನಾ ಫೋನಿನಲ್ಲಿ. "ಇನ್ನು ಸ್ವಲ್ಪ ದಿನಕ್ಕೆ ಔಷಧಿಯಿಂದ ಮುಖ ಮತ್ತೆ ದುಂಡಗಾಗತ್ತಂತೆ. ಅದು ಬೇರೆ, ಕಾಯಿಲೆ ವಾಪಸ್ ಬಂದ್ರೆ ಆಗೋ ಊತ ಬೇರೆ. ನಂಗೆ ವ್ಯತ್ಯಾಸ ಗೊತ್ತಾಗತ್ತೋ ಇಲ್ವೋ ಅಂತ ಭಯ. ದಿನಾ ಬೆಳಿಗ್ಗೆ ಅವಳು ಎದ್ದ ತಕ್ಷಣ ಫೋಟೋ ಕಳಿಸ್ತೀನಿ. ಮನೆಗೆ ಬಂದ್ಮೇಲೆ ನೀವೇ ನೋಡಿ. ನೋಡಿ ಹೇಳ್ತೀರಾ?"

ವಸುಂಧರಮ್ಮ ಕಿಟಕಿಯಲ್ಲಿದ್ದ ಸೊಸೆಯನ್ನು ನೋಡಿದರು. ಎರಡು ವಾರದಿಂದ ಆಸ್ಪತ್ರೆಯ ಕುರ್ಚಿಯಲ್ಲಿ ನಿದ್ದೆಗೆಟ್ಟು ಅವಳೂ ಇಳಿದುಹೋಗಿದ್ದಳು.

"ಹೇಳ್ತೀನಿ ಕಣೆ," ಎಂದರು. "ಹೇಗಿದ್ರೆ ಹಾಗೇ ಹೇಳ್ತೀನಿ. ಮೊದಲು ನೀನು ಹೋಗಿ ಏನಾದ್ರೂ ತಿನ್ನು."